ಶುಲ್ಕ ಕಟ್ಟದ ದಾವೆ, ತೀರದ ಋಣ

ಕೋರ್ಟು-ಕಚೇರಿ ಎಂದರೆ ನಮ್ಮ ಹಿರಿಯರಿಗೆ ಭಯ. "ಗೆದ್ದವ ಸೋತ, ಸೋತವ ಸತ್ತ" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಗೆಲ್ಲದೆ, ಸೋಲದೆ, ತಮ್ಮ ಮಾತು ನ್ಯಾಯಾಧೀಶರ ಕಿವಿಗೆ ಬೀಳುವ ಮೊದಲೇ ಮನೆಗೆ ಮರಳುವವರೂ ಇದ್ದಾರೆ. ನ್ಯಾಯಾಲಯದ ಶುಲ್ಕ ಕಟ್ಟಲಾರದೆ ದಾವೆ ಕಳೆದುಕೊಂಡವರು ಇವರು. ಇವರ ಬಗ್ಗೆ ಗಾದೆ ಹುಟ್ಟಿಲ್ಲ. ಇವರನ್ನು ಕುರಿತು ನಮ್ಮ ಮನಸ್ಸಾಕ್ಷಿ ಏನು ಹೇಳುತ್ತದೆ ಎಂದು ಇಂದು ಯೋಚಿಸೋಣ.

ಪ್ರಿಯ ವಾಚಕರೇ, ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರೊಬ್ಬರ ಮನೆಯ ಕಥೆಯೂ ಅಲ್ಲ. ಆದರೆ ಓದಿದವರಿಗೆ ಯಾವುದಾದರೂ ಒಂದು ಮನೆ ನೆನಪಾದರೆ ಆಶ್ಚರ್ಯವಿಲ್ಲ.

ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ವಿಧವೆ. ಗಂಡ ತೀರಿಕೊಂಡಾಗ ಕೈಗೆ ಬಂದ ನಾಲ್ಕು ಲಕ್ಷ ರೂಪಾಯಿಯನ್ನು ಅಣ್ಣನಿಗೆ ಸಾಲವಾಗಿ ಕೊಟ್ಟಿದ್ದಾಳೆ. ಅಣ್ಣನಿಗೆ ಗಜೇಂದ್ರಗಡದಲ್ಲಿ ಅಂಗಡಿ. ಒಂದು ಹಾಳೆಯ ಮೇಲೆ ಅವನು ಸಹಿ ಮಾಡಿಕೊಟ್ಟಿದ್ದಾನೆ. ತಂಗಿ ಜೋಳದ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುತ್ತಾಳೆ. ಮೊದಲ ವರ್ಷ ಕೇಳಿದಳು: "ಅಣ್ಣಾ, ನನ್ನ ರೊಕ್ಕದ್ದು ಏನ್ ಮಾಡಿದಿ? ಹುಡುಗೀನ ಕಾಲೇಜಿಗೆ ಸೇರ್ಸೋದೈತಿ." ಅಣ್ಣ ಹೇಳಿದ: "ಈ ವರ್ಷ ವ್ಯಾಪಾರ ಬಿದ್ದೈತಿ ತಂಗಿ, ಮುಂದಿನ ಸುಗ್ಗಿ ಬರ್ಲಿ." ಸುಗ್ಗಿ ಬಂತು, ಹೋಯಿತು. ಮೂರನೆಯ ವರ್ಷ ಅಣ್ಣನ ಮಾತು ಬೇರೆಯಾಯಿತು: "ಬೇಕಾದ್ರ ಕೋರ್ಟಿಗೆ ಹೋಗು. ಯಾರ ಬ್ಯಾಡಂದಾರ?"

ಅವಳು ಹೋದಳು. ನಾಲ್ಕು ಲಕ್ಷದ ದಾವೆಗೆ ನಮ್ಮ ರಾಜ್ಯದಲ್ಲಿ ಕಟ್ಟಬೇಕಾದ ಶುಲ್ಕ ಇಪ್ಪತ್ತು ಸಾವಿರ ರೂಪಾಯಿ ಮೀರುತ್ತದೆ. ಅಷ್ಟು ಹಣ ಅವಳಲ್ಲಿ ಎಲ್ಲಿಂದ ಬರಬೇಕು? ಕಾಲಾವಧಿ ಮುಗಿಯುವ ಕೊನೆಯ ವಾರದಲ್ಲಿ ವಾದಪತ್ರ ಸಲ್ಲಿಸಿ, ಶುಲ್ಕಕ್ಕೆ ಸಮಯ ಕೇಳಿದಳು. ನ್ಯಾಯಾಲಯ ಸಮಯ ಕೊಟ್ಟಿತು. ಇನ್ನೊಮ್ಮೆ ಕೊಟ್ಟಿತು. ಕೊನೆಗೆ ವಾದಪತ್ರವನ್ನು ತಿರಸ್ಕರಿಸಿತು. ಅಂದು ಸಂಜೆ ಅಣ್ಣ ಅಂಗಡಿಯಲ್ಲಿ ಪೇಢೆ ಹಂಚಿದ. ಮರುಭಾನುವಾರ ಇಬ್ಬರೂ ಒಂದೇ ದೇವಾಲಯದಲ್ಲಿ ಒಂದೇ ಬಲಿಪೂಜೆಗೆ ಬಂದರು. ಅಣ್ಣ ಪರಮಪ್ರಸಾದಕ್ಕೆ ಮುಂದೆ ಹೋದ. ತಂಗಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಳು.

ಪ್ರಶ್ನೆ ಇಷ್ಟೇ: ಅಣ್ಣನ ಋಣ ತೀರಿತೇ?

ನ್ಯಾಯಾಲಯ ಹೇಳಿದ್ದೇನು?

ಅಣ್ಣನ ಪ್ರಕಾರ ಅವನು ಕೇಸು ಗೆದ್ದಿದ್ದಾನೆ. ಊರಿನವರೂ ಹಾಗೆಯೇ ಮಾತಾಡಿಕೊಳ್ಳುತ್ತಾರೆ. ಆದರೆ ನ್ಯಾಯಾಲಯ ಹಾಗೆ ಹೇಳಿಲ್ಲ. ತಂಗಿ ಸಾಲ ಕೊಟ್ಟಿಲ್ಲವೆಂದಾಗಲೀ, ಅಣ್ಣ ಹಣ ಹಿಂದಿರುಗಿಸಬೇಕಾಗಿಲ್ಲವೆಂದಾಗಲೀ ಅದು ತೀರ್ಪು ಕೊಟ್ಟಿಲ್ಲ. ಸಾಕ್ಷಿಗಳನ್ನು ಕೇಳಲಿಲ್ಲ, ಆ ಸಹಿಯ ಹಾಳೆಯನ್ನು ಪರೀಕ್ಷಿಸಲಿಲ್ಲ. ಬಾಗಿಲಲ್ಲಿ ಕಟ್ಟಬೇಕಾದದ್ದನ್ನು ಕಟ್ಟಿಲ್ಲ, ಆದ್ದರಿಂದ ಒಳಗೆ ಬರುವಂತಿಲ್ಲ ಎಂದಷ್ಟೇ ಹೇಳಿತು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಶುಲ್ಕ ಕಡಿಮೆಯಿದ್ದು, ಕೊಟ್ಟ ಸಮಯದೊಳಗೆ ಅದನ್ನು ತುಂಬದಿದ್ದರೆ ವಾದಪತ್ರವನ್ನು ತಿರಸ್ಕರಿಸಬೇಕು ಎನ್ನುತ್ತದೆ 7ನೇ ಆದೇಶದ 11ನೇ ನಿಯಮ. ತಡವಾಗಿಯಾದರೂ ಶುಲ್ಕ ತುಂಬಲು ಅವಕಾಶ ಕೊಡುವ ಅಧಿಕಾರ 149ನೇ ಕಲಮಿನಲ್ಲಿದೆ. ಹಾಗೆ ತುಂಬಿದರೆ ಮೊದಲ ದಿನವೇ ತುಂಬಿದಂತೆ ಲೆಕ್ಕ. ಅದೇ 7ನೇ ಆದೇಶದ 13ನೇ ನಿಯಮ ಇನ್ನೂ ಮುಖ್ಯವಾದದ್ದು. ಹೀಗೆ ತಿರಸ್ಕೃತವಾದ ವಾದಪತ್ರದ ಕಾರಣದಿಂದಲೇ, ಅದೇ ವಿಷಯದ ಮೇಲೆ ಹೊಸ ವಾದಪತ್ರ ಸಲ್ಲಿಸಲು ಅಡ್ಡಿಯಿಲ್ಲ ಎಂದು ಅದು ಹೇಳುತ್ತದೆ. ಅಂದರೆ ಒಳಗಿನ ನ್ಯಾಯ ಇನ್ನೂ ತೀರ್ಮಾನವಾಗಿಲ್ಲ ಎಂಬುದನ್ನು ಕಾನೂನೇ ಒಪ್ಪಿಕೊಳ್ಳುತ್ತದೆ.

ಆದರೆ ಕಾಲ ಕಾಯುವುದಿಲ್ಲ. 1963ರ ಕಾಲಮಿತಿ ಕಾಯಿದೆಯಂತೆ ಇಂಥ ಸಾಲದ ದಾವೆಗೆ ಮೂರು ವರ್ಷದ ಗಡುವು. ತಂಗಿ ಹೊಸ ವಾದಪತ್ರ ತರುವ ಹೊತ್ತಿಗೆ ಆ ಗಡುವು ದಾಟಿರುತ್ತದೆ. ಕಾಗದದ ಮೇಲೆ ಬಾಗಿಲು ತೆರೆದಿದೆ, ಗಡಿಯಾರ ಅದನ್ನು ಮುಚ್ಚಿದೆ. ಅಣ್ಣ ಕಾಯುತ್ತಿದ್ದುದೂ ಅದನ್ನೇ.

ಶುಲ್ಕವೇ ತಪ್ಪೇ?

ಹಾಗಾದರೆ ನ್ಯಾಯಾಲಯ ಕ್ರೂರವೇ? ಹಾಗೆಂದು ಅವಸರದಲ್ಲಿ ಹೇಳಬಾರದು. ನ್ಯಾಯಾಲಯ ನಡೆಸಲು ಖರ್ಚಿದೆ. ಶುಲ್ಕವೇ ಇಲ್ಲದಿದ್ದರೆ ಹಟಕ್ಕೂ ಹಗೆಗೂ ದಾವೆ ಹೂಡುವವರು ಹೆಚ್ಚಾಗಿ, ನಿಜವಾದ ನೊಂದವರ ಸರದಿ ಇನ್ನೂ ಹಿಂದೆ ಹೋದೀತು. ನ್ಯಾಯಾಧೀಶರು ಕಾನೂನನ್ನು ಮೀರಿ ಒಬ್ಬರಿಗೆ ಶುಲ್ಕ ಬಿಟ್ಟು, ಇನ್ನೊಬ್ಬರಿಂದ ವಸೂಲು ಮಾಡುವಂತಿಲ್ಲ. ಬಡವನೆಂದು ಪಕ್ಷಪಾತ ಮಾಡಬೇಡ, ಬಲಿಷ್ಠನೆಂದು ಮುಖ ನೋಡಬೇಡ, ನ್ಯಾಯವಾಗಿ ತೀರ್ಪು ಕೊಡು ಎಂಬುದು ಯಾಜಕಕಾಂಡದ 19ನೇ ಅಧ್ಯಾಯದ ಬೋಧನೆಯೂ ಹೌದು.

ಆದರೂ ಶುಲ್ಕದ ಭಾರದ ಬಗ್ಗೆ ಬಹುಕಾಲದಿಂದ ಚರ್ಚೆ ನಡೆದಿದೆ. ಬ್ರಿಟಿಷರ ಕಾಲದಲ್ಲಿ, 1795ರಲ್ಲಿ, ಸುಳ್ಳು ದಾವೆಗಳನ್ನು ತಡೆಯುವ ಹೆಸರಿನಲ್ಲಿ ಬಂಗಾಳದಲ್ಲಿ ಶುಲ್ಕ ವಿಧಿಸಿದಾಗ ಕೊಟ್ಟ ಸಮರ್ಥನೆಯನ್ನು ಮೆಕಾಲೆ ಮುಂದೆ ಗೇಲಿ ಮಾಡಿದ. ಶುಲ್ಕ ಸುಳ್ಳುಗಾರನನ್ನು ಓಡಿಸುವಂತೆ ಸತ್ಯವಂತನನ್ನೂ ಓಡಿಸುತ್ತದೆ ಎಂಬುದು ಅವನ ಆಕ್ಷೇಪಣೆ. ಸ್ವತಂತ್ರ ಭಾರತದಲ್ಲಿ ಎಂ.ಸಿ. ಸೆತಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 1958ರ 14ನೇ ವರದಿಯಲ್ಲಿ ಈ ಶುಲ್ಕಗಳನ್ನು ತಗ್ಗಿಸಬೇಕೆಂದು ಹೇಳಿತು. ಅದೇ 1958ರಲ್ಲಿ ನಮ್ಮ ರಾಜ್ಯದ ನ್ಯಾಯಾಲಯ ಶುಲ್ಕ ಕಾಯಿದೆಯೂ ಬಂತು. ಈ ಕಾಯಿದೆಯಲ್ಲಿ ದಾವೆಯ ಮೊತ್ತ ಏರಿದಂತೆ ಶುಲ್ಕವೂ ಏರುತ್ತದೆ, ಅದಕ್ಕೆ ಮೇಲ್ಮಿತಿಯಿಲ್ಲ. ಇದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1988ರಲ್ಲಿ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ಕಾಯಿದೆ ಸಂವಿಧಾನಬದ್ಧವೆಂದು ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಶುಲ್ಕದ ಹೊರೆಯನ್ನು ಸರ್ಕಾರಗಳು ಪುನರ್ವಿಮರ್ಶೆ ಮಾಡಬೇಕೆಂದೂ ಒತ್ತಿ ಹೇಳಿತು. ಕಾನೂನಿಗೆ ಸರಿಯಾದದ್ದೆಲ್ಲ ನ್ಯಾಯಕ್ಕೆ ಸಾಲದು ಎಂಬ ಅರಿವು ನ್ಯಾಯಪೀಠಕ್ಕೂ ಇತ್ತು.

ನರಗುಂದದ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲಕ್ಕೆ ಮುಟ್ಟುವ ಮುನ್ನವೇ ಅಭಿವೃದ್ಧಿ ಕರ ಕೇಳಿದ್ದು 1980ರಲ್ಲಿ ಅಲ್ಲಿನ ರೈತರನ್ನು ಕೆರಳಿಸಿತು. ಆ ವರ್ಷದ ಜುಲೈ 21ರಂದು ಗೋಲಿಬಾರು ನಡೆದು ಜೀವಗಳು ಹೋದವು. ಇಂದಿಗೂ ಆ ದಿನ ಅಲ್ಲಿ ರೈತ ಹುತಾತ್ಮರನ್ನು ನೆನೆಯುತ್ತಾರೆ. ಅಂದಿನ ಹಿಂಸೆಯನ್ನು ಯಾರೂ ಮೆಚ್ಚಲಾರರು. ಆದರೆ ಆ ನೋವಿನ ಮೂಲ ನಮಗೆ ಅರ್ಥವಾಗುತ್ತದೆ: ಕೊಡುವ ಮೊದಲೇ ಬೆಲೆ ಕೇಳಿದರೆ, ಏನೂ ಇಲ್ಲದವನು ಏನು ಮಾಡಬೇಕು? ನೀರಿಗೆ ಅನ್ವಯಿಸುವ ಈ ಪ್ರಶ್ನೆ ನ್ಯಾಯಕ್ಕೂ ಅನ್ವಯಿಸುತ್ತದೆ.

ಬಡವರಿಗೊಂದು ಬಾಗಿಲು

ಈ ಪ್ರಶ್ನೆಗೆ ಕಾನೂನು ಒಂದು ಉತ್ತರವನ್ನು ಇಟ್ಟಿದೆ. ನಮ್ಮ ಉದಾಹರಣೆಯ ತಂಗಿಗೆ ಅದನ್ನು ಯಾರೂ ತಿಳಿಸಲಿಲ್ಲ. ಸಂಹಿತೆಯ 33ನೇ ಆದೇಶದಂತೆ ಶುಲ್ಕ ಕಟ್ಟಲಾರದವರು ನಿರ್ಗತಿಕರಾಗಿ ದಾವೆ ಹೂಡಲು ಅನುಮತಿ ಕೇಳಬಹುದು. ಹಿಂದೆ ಇದನ್ನು 'ಪಾಪರ್' ದಾವೆ ಎನ್ನುತ್ತಿದ್ದರು. ಆ ಅವಮಾನದ ಪದವನ್ನು 1976ರ ತಿದ್ದುಪಡಿ ತೆಗೆದುಹಾಕಿತು.

ಅರ್ಜಿದಾರರು ತಮ್ಮ ಆಸ್ತಿಯ ಪಟ್ಟಿಯನ್ನು ಬೆಲೆಯೊಂದಿಗೆ ಕೊಡಬೇಕು. ನ್ಯಾಯಾಲಯ ವಿಚಾರಣೆ ಮಾಡುತ್ತದೆ, ಎದುರು ಪಕ್ಷಕ್ಕೂ ಸರ್ಕಾರಕ್ಕೂ ಹೇಳಿಕೊಳ್ಳಲು ಅವಕಾಶವಿದೆ. ಜಪ್ತಿ ಮಾಡಬಾರದೆಂದು ಕಾನೂನು ಕಾಪಾಡಿದ ವಸ್ತುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅಡಿಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕುಶಲಕರ್ಮಿಯ ಸಲಕರಣೆ, ರೈತನ ಉಳುವ ಸಾಮಾನು, ಬದುಕಿಗೆ ಬೇಕಾದ ಎತ್ತು, ಬಿತ್ತನೆಯ ಬೀಜ ಇವೆಲ್ಲ ಹಾಗೆ ಕಾಪಾಡಲ್ಪಟ್ಟವು. ಗಜೇಂದ್ರಗಡದ ನೇಕಾರನಿಗೆ 'ಮಗ್ಗ ಮಾರಿ ಶುಲ್ಕ ಕಟ್ಟು' ಎಂದು ಕಾನೂನು ಹೇಳುವುದಿಲ್ಲ. ಬಡವನ ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದು ಎಂಬ ಧರ್ಮೋಪದೇಶಕಾಂಡದ ಕಟ್ಟಳೆಯ ಕರುಣೆಯೇ ಇಲ್ಲಿಯೂ ಇದೆ.

ಇದು ಶುಲ್ಕದ ಮಾಫಿಯಲ್ಲ, ಮುಂದೂಡಿಕೆ ಮಾತ್ರ. ಅರ್ಜಿದಾರ ಗೆದ್ದರೆ ಆ ಶುಲ್ಕವನ್ನು ಸರ್ಕಾರ ನ್ಯಾಯಾಲಯ ಹೇಳಿದ ಪಕ್ಷದಿಂದ ವಸೂಲು ಮಾಡುತ್ತದೆ, ಸೋತರೆ ಅರ್ಜಿದಾರನೇ ಕೊಡಬೇಕಾಗುತ್ತದೆ. ಅನುಮತಿ ಸಿಗದಿದ್ದರೂ ಶುಲ್ಕ ಕಟ್ಟಲು ನ್ಯಾಯಾಲಯ ಸಮಯ ಕೊಡಬಹುದು.

ಇದಲ್ಲದೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ವಕೀಲರ ಸೇವೆ ಮಾತ್ರವಲ್ಲ, ನ್ಯಾಯಾಲಯದ ಶುಲ್ಕವೂ ಈ ನೆರವಿನಲ್ಲಿ ಸೇರುತ್ತದೆ. ಇದಕ್ಕೆ ಹೋಗಬೇಕಾದದ್ದು ತಾಲೂಕು ಕಾನೂನು ಸೇವಾ ಸಮಿತಿಯ ಬಳಿಗೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಮೊದಲು ಕಟ್ಟಿದ ಶುಲ್ಕವನ್ನೂ ಹಿಂದಿರುಗಿಸುತ್ತಾರೆ.

ಈ ಬಾಗಿಲಿನಲ್ಲಿ ನಾವು ಜಾಗ್ರತೆಯಿಂದ ನಡೆಯಬೇಕು. ಹೊಲವನ್ನು ತಮ್ಮನ ಹೆಸರಿಗೆ ಬರೆದು, ಬಂಗಾರವನ್ನು ನೆಂಟರ ಮನೆಯಲ್ಲಿಟ್ಟು, 'ನಾನು ನಿರ್ಗತಿಕ' ಎಂದು ಪ್ರಮಾಣ ಮಾಡುವವನು ದೇವರ ಎಂಟನೆಯ ಕಟ್ಟಳೆಯನ್ನು ಮುರಿಯುತ್ತಾನೆ. ಅರ್ಜಿಗೆ ಮೊದಲಿನ ಎರಡು ತಿಂಗಳಲ್ಲಿ ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೆ ನ್ಯಾಯಾಲಯವೂ ಅವನನ್ನು ತಿರಸ್ಕರಿಸುತ್ತದೆ. ಸುಳ್ಳು ಬಡವನು ಸರ್ಕಾರಕ್ಕೆ ಮಾಡುವ ಮೋಸಕ್ಕಿಂತ ನಿಜವಾದ ಬಡವನಿಗೆ ಮಾಡುವ ಮೋಸ ದೊಡ್ಡದು. ಅವನಿಂದಾಗಿ ಮುಂದೆ ಬರುವ ಪ್ರತಿಯೊಬ್ಬ ವಿಧವೆಯನ್ನೂ ಸಂಶಯದಿಂದ ನೋಡುವಂತಾಗುತ್ತದೆ.

ಗೆದ್ದವನ ಮನಸ್ಸಾಕ್ಷಿ

ಈಗ ಅಣ್ಣನ ಬಳಿಗೆ ಮರಳೋಣ. 'ಗಡುವು ಮುಗಿದಿದೆ, ದಾವೆ ಬಿದ್ದಿದೆ, ಇನ್ನು ನಾನು ಯಾರಿಗೂ ಸಾಲಗಾರನಲ್ಲ' ಎಂದು ಅವನು ಹೇಳಬಹುದೇ?

ಮೊದಲು ದೇಶದ ಕಾನೂನನ್ನೇ ಕೇಳೋಣ. ಕಾಲಮಿತಿ ಸಾಮಾನ್ಯವಾಗಿ ಸಾಲ ವಸೂಲಿಯ ದಾರಿಯನ್ನು ಮುಚ್ಚುತ್ತದೆಯೇ ಹೊರತು ಸಾಲವನ್ನು ಅಳಿಸುವುದಿಲ್ಲ ಎಂಬುದು ಕಾನೂನಿನ ತತ್ವ. 1872ರ ಕರಾರು ಕಾಯಿದೆಯ 25ನೇ ಕಲಮಿನಂತೆ, ಗಡುವು ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರ ಹೊಸದಾಗಿ ಬರೆದು ಸಹಿ ಮಾಡಿಕೊಟ್ಟರೆ ಆ ಮಾತು ಬದ್ಧವಾಗುತ್ತದೆ. ಅಂದರೆ ದಾವೆಯ ಬಾಗಿಲು ಮುಚ್ಚಿದ ಮೇಲೂ ಮನಸ್ಸಾಕ್ಷಿಯ ಬಾಗಿಲನ್ನು ಕಾನೂನು ತೆರೆದೇ ಇಟ್ಟಿದೆ.

ಧರ್ಮಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 198ನೇ ಕಲಂ ಕಾಲ ಕಳೆದುದರಿಂದ ಬರುವ ಹಕ್ಕಿನ ಬಗ್ಗೆ ಮಾತಾಡುತ್ತದೆ. ಆರಂಭದಲ್ಲಿ ಮಾತ್ರವಲ್ಲ, ಆ ಅವಧಿಯುದ್ದಕ್ಕೂ ಸದ್ಭಾವನೆ ಇಲ್ಲದಿದ್ದರೆ ಅಂಥ ಹಕ್ಕು ಊರ್ಜಿತವಲ್ಲ ಎಂಬುದು ಅದರ ಸಾರ. ತಂಗಿಯ ಹಣವೆಂದು ತಿಳಿದೂ ಮೂರು ವರ್ಷ ಎಣಿಸುತ್ತಾ ಕುಳಿತವನ ಸದ್ಭಾವನೆ ಎಲ್ಲಿದೆ? ಅವನಿಗೆ ಕಾಲ ಸಾಕ್ಷಿಯಾಗುತ್ತದೆ, ರಕ್ಷಣೆಯಾಗುವುದಿಲ್ಲ.

ಏಳನೆಯ ಕಟ್ಟಳೆಯನ್ನು ನಾವು ಬಾಲ್ಯದಲ್ಲಿಯೇ ಕಲಿತಿದ್ದೇವೆ. ಕಳ್ಳತನವೆಂದರೆ ರಾತ್ರಿ ಗೋಡೆ ಕೊರೆಯುವುದು ಮಾತ್ರವಲ್ಲ. ಕೊಡಬೇಕಾದದ್ದನ್ನು ಬೇಕೆಂದೇ ಕೊಡದೆ ಉಳಿಸಿಕೊಳ್ಳುವುದೂ ಕಳ್ಳತನವೇ. ಅನ್ಯಾಯವಾಗಿ ಇಟ್ಟುಕೊಂಡದ್ದನ್ನು ಒಡೆಯನಿಗೆ ಹಿಂದಿರುಗಿಸಬೇಕೆಂದು ಕಥೋಲಿಕ ಧರ್ಮೋಪದೇಶ ಕಲಿಸುತ್ತದೆ. ಪಾಪನಿವೇದನೆ ಮಾಡಿ ಕ್ಷಮೆ ಪಡೆಯಬಯಸುವವನಲ್ಲಿ, ಕೈಲಾದಷ್ಟನ್ನು ಹಿಂದಿರುಗಿಸುವ ನಿರ್ಧಾರವೂ ಇರಬೇಕು. ಜಕ್ಕಾಯನನ್ನು ನೆನೆಯಿರಿ. ಅವನ ಮೇಲೆ ಯಾರೂ ದಾವೆ ಹೂಡಿರಲಿಲ್ಲ. ಯಾವ ನ್ಯಾಯಾಧೀಶನೂ ಆಜ್ಞೆ ಮಾಡಿರಲಿಲ್ಲ. ಯೇಸುಸ್ವಾಮಿ ಮನೆಗೆ ಬಂದ ಸಂತೋಷದಲ್ಲಿ ಅವನು ತಾನಾಗಿಯೇ ಎದ್ದು ನಿಂತು, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಆ ಮನೆಗೆ ಜೀವೋದ್ಧಾರ ಬಂದದ್ದು ಅಂದು.

ಬಲಿಪೀಠದ ಮುಂದೆ ಕಾಣಿಕೆ ತಂದಾಗ, ನಿನ್ನ ಮೇಲೆ ಸೋದರನ ಮನಸ್ಸಿನಲ್ಲಿ ಏನಾದರೂ ಇರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದರು ಪ್ರಭು. ನಮ್ಮ ಅಣ್ಣ ದೂರ ಹೋಗಬೇಕಾಗಿಲ್ಲ. ಹಿಂದಿನ ಸಾಲಿನವರೆಗೆ ನಡೆದರೆ ಸಾಕು.

ನಮ್ಮ ಪಾಲಿನ ಕೆಲಸ

ಇದು ಆ ಒಂದು ಮನೆಯ ಅಣ್ಣ-ತಂಗಿಯ ವಿಷಯ, ನಮಗೇನು ಎಂದು ಸುಮ್ಮನಿರುವಂತಿಲ್ಲ. ಕೊರಿಂಥದ ಕ್ರೈಸ್ತರು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋದಾಗ ಸಂತ ಪೌಲರು ಬೇಸರಪಟ್ಟು ಕೇಳಿದ್ದು ಇಡೀ ಸಭೆಯನ್ನು: ಸೋದರರ ನಡುವೆ ನ್ಯಾಯ ತೀರಿಸಬಲ್ಲ ಬುದ್ಧಿವಂತ ಒಬ್ಬನೂ ನಿಮ್ಮಲ್ಲಿಲ್ಲವೇ ಎಂದು. ಬೆಳಗಾವಿ ಧರ್ಮಪ್ರಾಂತ್ಯದ ಈ ಭಾಗದಲ್ಲಿ ನಮ್ಮವರ ಸಂಖ್ಯೆ ಕಡಿಮೆ. ಎಲ್ಲರಿಗೂ ಎಲ್ಲರ ಪರಿಚಯವಿದೆ. ಆದ್ದರಿಂದಲೇ ಇಂಥ ವಿಷಯದಲ್ಲಿ ನಾವು ಸಹಾಯ ಮಾಡಬಲ್ಲೆವು.

ಆದರೆ ಒಂದು ಎಚ್ಚರಿಕೆ. 'ಮನೆ ಮಾತು ಮನೆಯಲ್ಲೇ ಇರ್ಲಿ, ಕೋರ್ಟಿಗೆ ಹೋಗಬ್ಯಾಡವ್ವಾ' ಎಂದು ಹಿರಿಯರು ಹೇಳುವುದು ಹೆಚ್ಚಾಗಿ ಯಾರಿಗೆ? ದುರ್ಬಲರಿಗೆ. ಅಣ್ಣನಿಗೆ 'ಹಣ ಕೊಡಪ್ಪಾ' ಎಂದು ಹೇಳುವ ಧೈರ್ಯವಿಲ್ಲದವರು ತಂಗಿಗೆ 'ತಾಳ್ಮೆಯಿಂದಿರು' ಎಂದು ಬೋಧಿಸುವುದು ರಾಜಿಯಲ್ಲ. ಲೂಕನ ಶುಭಸಂದೇಶದ 18ನೇ ಅಧ್ಯಾಯದ ವಿಧವೆಯನ್ನು ಪ್ರಭು ಗದರಿಸಲಿಲ್ಲ. ಮತ್ತೆ ಮತ್ತೆ ನ್ಯಾಯ ಕೇಳಿದ ಅವಳನ್ನೇ ನಮ್ಮ ಪ್ರಾರ್ಥನೆಗೆ ಮಾದರಿಯಾಗಿಟ್ಟರು. ನ್ಯಾಯ ಕೇಳುವುದು ಪ್ರೀತಿಗೆ ವಿರುದ್ಧವಲ್ಲ.

ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ 13ನೇ ಶತಮಾನದಲ್ಲಿ ಈವೋ ಎಂಬ ಗುರುಗಳಿದ್ದರು. ಕಾನೂನು ಓದಿದವರು, ಧರ್ಮಸಭೆಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. ಬಡವರ ಪರವಾಗಿ ಹಣ ಪಡೆಯದೆ ವಾದಿಸುತ್ತಿದ್ದರು. 1303ರಲ್ಲಿ ತೀರಿಕೊಂಡ ಅವರನ್ನು 1347ರಲ್ಲಿ ಸಂತರೆಂದು ಘೋಷಿಸಲಾಯಿತು. ವಕೀಲರ ಪಾಲಕ ಸಂತರಾದ ಇವರ ಹಬ್ಬ ಮೇ 19ರಂದು. ನಮ್ಮಲ್ಲಿ ಕಾನೂನು ಓದಿದ ಯುವಕ-ಯುವತಿಯರು ವರ್ಷಕ್ಕೆ ಒಂದೇ ಒಂದು ಬಡವರ ಕೇಸನ್ನು ಉಚಿತವಾಗಿ ನಡೆಸಿದರೆ ಸಂತ ಈವೋ ಅವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ.

ನಮ್ಮ ಸ್ವಂತ ಮನೆಯನ್ನೂ ನೋಡಿಕೊಳ್ಳೋಣ. ಬಡತನದ ಕಾರಣ ಯಾರೂ ಸಂಸ್ಕಾರಗಳಿಂದ ವಂಚಿತರಾಗಬಾರದು ಎನ್ನುತ್ತದೆ ಧರ್ಮಸಭೆಯ ಸಂಹಿತೆಯ 848ನೇ ಕಲಂ. ಧರ್ಮಸಭೆಯ ನ್ಯಾಯಪೀಠಗಳಲ್ಲಿ ಖರ್ಚಿನ ರಿಯಾಯಿತಿಗೂ ಉಚಿತ ನೆರವಿಗೂ 1649ನೇ ಕಲಮಿನಲ್ಲಿ ಅವಕಾಶವಿದೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ವಿವಾಹ ಅಸಿಂಧುತ್ವದ ವಿಚಾರಣೆಗಳನ್ನು ಸುಧಾರಿಸಿದಾಗ, ಸಿಬ್ಬಂದಿಗೆ ನ್ಯಾಯವಾದ ಸಂಬಳವನ್ನು ಉಳಿಸಿಕೊಂಡು, ಆದಷ್ಟು ಮಟ್ಟಿಗೆ ಅವು ಉಚಿತವಾಗಿರಬೇಕೆಂದು ಬಯಸಿದರು. ಸರ್ಕಾರಕ್ಕೆ ಬುದ್ಧಿ ಹೇಳುವ ಮೊದಲು ಈ ಕಟ್ಟಳೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಜನರಿಗೆ ಗೊತ್ತಿವೆ ಎಂದು ಕೇಳಿಕೊಳ್ಳಬೇಕು.

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಓದುಬರಹ ಬಲ್ಲ ಒಬ್ಬರು ಅಂಥ ತಂಗಿಯೊಡನೆ ರೋಣಕ್ಕೋ ನರಗುಂದಕ್ಕೋ ಬಸ್ಸು ಹತ್ತಿ, ಕಾನೂನು ಸೇವಾ ಸಮಿತಿಯ ಅರ್ಜಿ ತುಂಬಿಕೊಡಬಹುದು. ಗಡುವು ಮುಗಿಯುವ ಮೊದಲೇ ಹೋಗುವಂತೆ ನೆನಪಿಸಬಹುದು. ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು ಅಕ್ಕಿ-ಬಟ್ಟೆ ಕೊಡುವಂತೆ ಶುಲ್ಕದ ಒಂದು ಭಾಗವನ್ನೂ ಕೊಡಬಹುದು. ನ್ಯಾಯವೂ ಅನ್ನದಷ್ಟೇ ಅಗತ್ಯ.

ಕೊನೆಯದಾಗಿ, ಈ ಪುಟವನ್ನು ಓದುತ್ತಿರುವ ಅಣ್ಣಂದಿರಿಗೆ ಒಂದು ಮಾತು. ನಿಮ್ಮ ಮೇಲಿನ ದಾವೆ ಬಿದ್ದಿರಬಹುದು. ಗಡುವು ದಾಟಿರಬಹುದು. ತಂಗಿ ಕೇಳುವುದನ್ನು ಬಿಟ್ಟಿರಲೂಬಹುದು. ಆದರೆ ಇನ್ನೊಂದು ನ್ಯಾಯಪೀಠವಿದೆ. ಅಲ್ಲಿ ಶುಲ್ಕವಿಲ್ಲ, ಗಡುವಿಲ್ಲ. ವಿಧವೆಯ ಕಣ್ಣೀರು ಅಲ್ಲಿ ನೇರವಾಗಿ ಮುಟ್ಟುತ್ತದೆ ಎಂದು ಸಿರಾಖನ ಗ್ರಂಥದ 35ನೇ ಅಧ್ಯಾಯ ನಮಗೆ ಭರವಸೆ ಕೊಡುತ್ತದೆ, ಎಚ್ಚರಿಕೆಯನ್ನೂ ಕೊಡುತ್ತದೆ. ಆ ಪೀಠದ ಮುಂದೆ ನಿಲ್ಲುವ ಮೊದಲು ನಮಗೆ ಸಮಯವಿದೆ. ಇಡೀ ನಾಲ್ಕು ಲಕ್ಷ ಇಂದೇ ಆಗದಿದ್ದರೆ ತಿಂಗಳಿಗೆ ಐದು ಸಾವಿರವಾದರೂ ಆದೀತು. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಂಗಡಿಯ ಕಡೆಗೆ ಹೋಗುವ ಬದಲು ತಂಗಿಯ ಮನೆಯ ಕಡೆಗೆ ನಡೆಯಿರಿ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಬಾ ಅಣ್ಣಾ, ಕುಂದ್ರು" ಎನ್ನುವಳು. ಪ್ರಭು ನಮ್ಮೆಲ್ಲರ ಮನೆಗಳಿಗೆ ಆ ಸಮಾಧಾನವನ್ನು ದಯಪಾಲಿಸಲಿ.